ತಾಲೀಮಿಗೂ ಸಂಭಾವನೆ ಇರಲಿ

ಮೈಸೂರು ದಸರಾದಲ್ಲಿ ಅರಮನೆ ಎದುರು ಪೊಲೀಸ್ ಸಮೂಹ ವಾದ್ಯಮೇಳ ನಡೆಯುತ್ತದೆ. ಬೇರೆ ಬೇರೆ ಊರುಗಳ ಬ್ಯಾಂಡುಗಳು ಅಲ್ಲಿ ಒಟ್ಟಾಗಿ ನುಡಿಸುತ್ತವೆ. ವಾದಕರೆಲ್ಲ ನುರಿತವರೇ. ಆದರೂ ಬಯಲಿನಲ್ಲಿ ಒಂದು ತೊಡಕಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಾಗಾಗಿ ಈ ತುದಿಯ ಡ್ರಮ್ಮಿನ ಪೆಟ್ಟು 34 ಮೀಟರ್ ಆಚೆ ನಿಂತವರಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ನಿಮಿಷಕ್ಕೆ 120 ಪೆಟ್ಟಿನ ನಡೆಯಲ್ಲಿ ಅದು ಒಂದು ಪೆಟ್ಟಿನ ಐದನೇ ಒಂದು ಪಾಲು. ಕಿವಿಯನ್ನೇ ನಂಬಿದವರು ಹಿಂದೆ ಬೀಳುತ್ತಾರೆ. ಬ್ಯಾಂಡ್ ಮಾಸ್ಟರ್ ಕೈಯ ಕೋಲನ್ನೇ ನೋಡುತ್ತ ನುಡಿಸಬೇಕು. ಮನೆಯಲ್ಲಿ ಒಬ್ಬರೇ ಕೂತು ಎಷ್ಟು ಸಾಧನೆ ಮಾಡಿದರೂ ಇದು ಕೈಗೆ ಹತ್ತುವುದಿಲ್ಲ.

ನಮ್ಮಲ್ಲಿ ಗೌರವವೆಲ್ಲ ಒಂಟಿ ಸಾಧನೆಗೆ. ಕೂಡಿ ಮಾಡುವ ತಾಲೀಮಿಗೆ ಉಳಿದ ಸಮಯ. ಕರ್ನಾಟಕ ಸಂಗೀತದಲ್ಲಿ ಗಾಯಕರು, ಪಿಟೀಲಿನವರು, ಮೃದಂಗದವರು ವೇದಿಕೆಯ ಪಕ್ಕದಲ್ಲೇ ಮೊದಲ ಸಲ ಭೇಟಿಯಾಗಿ ಕಛೇರಿಗೆ ಕೂರುವುದುಂಟು. ತಾಲೀಮು ಹೆಚ್ಚಾದರೆ ಮನೋಧರ್ಮ, ಅಂದರೆ ಆ ಕ್ಷಣದ ಕಲ್ಪನೆ, ಬಾಡುತ್ತದೆ ಎಂಬ ವಾದವೂ ಇದೆ. ನೆರವಲ್, ಕಲ್ಪನಾಸ್ವರಗಳ ಮಟ್ಟಿಗೆ ಅದರಲ್ಲಿ ಹುರುಳಿದೆ.

ಕಛೇರಿಯಲ್ಲಿ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದ ಮಾತು ಬೇರೆ. ಮೃದಂಗ ಮತ್ತು ಘಟದವರು ಸರದಿಯ ಮೇಲೆ ನುಡಿಸುತ್ತ, ಪಾಲನ್ನು ಆವರ್ತ, ಅರ್ಧ, ಕಾಲು ಎಂದು ಇಳಿಸುತ್ತ ಬಂದು, ಮುಕ್ತಾಯದ ಸೂಚನೆಯಾದ ಮೊಹರಾ ಮುಗಿಸಿ, ಕೊನೆಯ ಲೆಕ್ಕದ ಕಟ್ಟಾದ ಕೋರ್ವೆಯನ್ನು ಮೂರು ಸಲ ಒಟ್ಟಿಗೆ ನುಡಿಸುತ್ತಾರೆ. ಗೊತ್ತಿಲ್ಲದ ಕೋರ್ವೆಯಾದರೆ ಘಟದವರು ಮೊದಲ ಸಲ ಕೈ ಹಗುರ ಮಾಡಿ ಕೇಳಿಸಿಕೊಳ್ಳುತ್ತಾರೆ, ಎರಡನೇ ಸಲ ಅಂದಾಜಿನ ಮೇಲೆ ಹಿಂಬಾಲಿಸುತ್ತಾರೆ, ಮೂರನೆಯದರಲ್ಲಿ ಸೇರಿಕೊಳ್ಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಆ ಚಪ್ಪಾಳೆ ಅವರ ಚುರುಕುತನಕ್ಕೆ. ಕೋರ್ವೆಯ ಪೂರ್ತಿ ತೂಕ ಕೇಳುಗರಿಗೆ ದಕ್ಕಿದ್ದು ಒಂದೇ ಸಲ.

ಯಕ್ಷಗಾನಕ್ಕೆ ತಾಲೀಮು ಎಲ್ಲಿದೆ ಎಂದು ಕೇಳುವವರಿದ್ದಾರೆ. ಮಾತು ರಂಗದ ಮೇಲೇ ಹುಟ್ಟುವುದು ನಿಜ. ಆದರೆ ತಿರುಗಾಟದ ಮೇಳದಲ್ಲಿ ಅದೇ ಭಾಗವತರು, ಅದೇ ಮದ್ದಳೆ, ಅದೇ ಚೆಂಡೆ ತಿಂಗಳುಗಟ್ಟಲೆ ರಾತ್ರಿ ರಾತ್ರಿ ಜೊತೆಗಿರುತ್ತಾರೆ. ಭಾಗವತರು ಪದ್ಯದ ಓಟ ಬದಲಿಸುವ ಮೊದಲೇ ಮದ್ದಳೆಯವರಿಗೆ ಸುಳಿವು ಸಿಕ್ಕಿರುತ್ತದೆ. ಆಟವೇ ಅವರ ತಾಲೀಮು.

ಆ ಅನುಕೂಲ ನಗರದ ವಾದ್ಯಗೋಷ್ಠಿಗಳಿಗಿಲ್ಲ. ಆದರೂ ದೀರ್ಘ ಒಡನಾಟ ಬೆಳೆಸಿಕೊಂಡ ತಂಡವೂ ಉಂಟು. 1964ರಲ್ಲಿ ಶುರುವಾದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಟಿ.ಎ.ಎಸ್. ಮಣಿ ಅವರ ಮುಂದಾಳತ್ವದಲ್ಲಿ ತಾಳವಾದ್ಯಗಳನ್ನೇ ಮುಖ್ಯವಾಗಿಟ್ಟು ತಂಡ ಕಟ್ಟಿತು. ಆರ್.ಎ. ರಮಾಮಣಿ ಅವರ ಗಾಯನವೂ ಸೇರಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಧ್ವನಿಮುದ್ರಿಕೆ ತಂದಿತು. ಅವರ ಒಡನಾಟ ಅಷ್ಟಕ್ಕೇ ನಿಲ್ಲದೆ ವರ್ಷಗಟ್ಟಲೆ ನಡೆಯಿತು. ಆದರೆ ಮಧ್ಯಾಹ್ನ ಪರಿಚಯವಾಗಿ ಸಂಜೆ ನುಡಿಸುವ 'ಫ್ಯೂಷನ್'ಗಳಲ್ಲಿ ಸರದಿಯ ಪ್ರದರ್ಶನ ಕಾಣುತ್ತದೆ, ಸೇರಿ ನುಡಿಸಿದ್ದು ಕಾಣುವುದಿಲ್ಲ.

ಇದಕ್ಕೆ ಕಲಾವಿದರನ್ನಷ್ಟೇ ದೂರುವುದು ಸರಿಯಲ್ಲ. ತಾಲೀಮೆಂದರೆ ಅರ್ಧ ದಿನದ ದುಡಿಮೆ ಬಿಡಬೇಕು, ವಾದ್ಯ ಹೊತ್ತು ಆಟೋ ಹಿಡಿಯಬೇಕು, ಬಾಡಿಗೆಗೆ ಜಾಗ ಹುಡುಕಬೇಕು. ಖರ್ಚೆಲ್ಲ ಅವರದೇ. ಶಾಮಿಯಾನ, ಹೂವು, ಫ್ಲೆಕ್ಸುಗಳಿಗೆ ಲೆಕ್ಕವಿಡುವ ಸಭೆಗಳೂ ಸರ್ಕಾರಿ ಉತ್ಸವಗಳೂ ಒಂದು ದಿನದ ತಾಲೀಮಿನ ಭತ್ಯೆ, ಜಾಗವನ್ನು ಅದೇ ಪಟ್ಟಿಗೆ ಸೇರಿಸಬೇಕು. ಎಲ್ಲ ಕಛೇರಿಗಳಿಗೂ ಬೇಡ. ತಾಳವಾದ್ಯ, ವಾದ್ಯವೃಂದದಂಥ ಸಮೂಹ ಕಾರ್ಯಕ್ರಮಗಳಿಂದ ಶುರು ಮಾಡಲಿ.