ಬಳಚಿಗೂ ಪರೀಕ್ಷೆ ಬೇಕು

ನಮಗೆ ವರ್ಷಕ್ಕೆ ಎಷ್ಟು ಪರೀಕ್ಷೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಅಘನಾಶಿನಿ ಹೊಳೆಯ ಬಳಚಿಗೂ ವರ್ಷಕ್ಕೆ ಎರಡು ಸಲವಾದರೂ ಕೀಟನಾಶಕದ ಪರೀಕ್ಷೆ ಆಗಬೇಕು ಎಂದು ನನ್ನ ಅಭಿಪ್ರಾಯ. ನಗಬೇಡಿ, ಪೂರ್ತಿ ಓದಿ.

ಬಳಚು ಮೀನಿನ ಹಾಗೆ ಓಡಾಡುವುದಿಲ್ಲ. ಕೆಸರು ಮರಳಿನಲ್ಲಿ ಹೂತುಕೊಂಡು ನೀರು ಎಳೆದು, ಅದರಲ್ಲಿದ್ದ ಆಹಾರ ಸೋಸಿಕೊಂಡು, ನೀರನ್ನು ಹೊರಗೆ ಬಿಡುತ್ತದೆ. ಚಹಾ ಸೋಸಿದಾಗ ಬಟ್ಟೆಯಲ್ಲಿ ಪುಡಿ ಉಳಿಯುವ ಹಾಗೆ, ನೀರಿನಲ್ಲಿ ವಿಷ ಇದ್ದರೆ ಅದೂ ಬಳಚಿನಲ್ಲಿ ಉಳಿಯುತ್ತದೆ. ಡಿ.ಡಿ.ಟಿ.ಯಂಥದ್ದು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ರಾತ್ರಿ ನೀರಲ್ಲಿಟ್ಟರೆ ಮರಳು ಬಿಡುತ್ತದೆ, ಬೇಯಿಸಿದರೆ ಕ್ರಿಮಿ ಸಾಯುತ್ತದೆ. ಆದ್ರೆ ಇಂಥ ವಿಷ ಪೂರ್ತಿ ಹೋಗೋದಿಲ್ಲ.

ಹೊಳೆ ನೀರನ್ನೇ ಬಾಟಲಿಯಲ್ಲಿ ತುಂಬಿ ನೋಡಬಹುದಲ್ಲ ಎಂದು ಕೇಳಬಹುದು. ಭರತಿ, ಇಳಿತ ಅಂತ ನೀರು ಬದಲಾಗುತ್ತಲೇ ಇರುತ್ತದೆ. ಬಾಟಲಿ ಆ ಹೊತ್ತಿನದ್ದು ಮಾತ್ರ ಹೇಳುತ್ತದೆ, ಬಳಚು ಬಹಳ ದಿನದ್ದು ಹೇಳುತ್ತದೆ. ಅದಕ್ಕೇ ಅಮೇರಿಕದಲ್ಲಿ 1986ರಲ್ಲಿ 'ಮಸಲ್ ವಾಚ್' ಎಂದು ಶುರು ಮಾಡಿದರು. ಕಡಲತೀರದ ಚಿಪ್ಪಿಗಳನ್ನು ತಂದು ಪರೀಕ್ಷೆ ಮಾಡುವುದು. 1972ರಲ್ಲಿ ಅಲ್ಲಿ ಡಿ.ಡಿ.ಟಿ. ನಿಷೇಧಿಸಿದ ಮೇಲೆ ಅದು ನಿಧಾನವಾಗಿ ಕಡಿಮೆ ಆಗುತ್ತಿದೆ ಎಂದು ಆ ಚಿಪ್ಪಿಗಳೇ ತೋರಿಸಿದವು.

ನಮ್ಮ ಹೊಳೆಯಲ್ಲಿ ವಿಷ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಳೆ ಬರುವುದು ಶಿರಸಿ, ಸಿದ್ದಾಪುರದ ಕಡೆಯಿಂದ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಮದ್ದು ಹೊಡೆಯುವುದು ಮಳೆಗಾಲದಲ್ಲೇ. ಗದ್ದೆಗೂ ಬೇರೆ ಬೇರೆ ಮದ್ದು ಹೊಡೆಯುತ್ತಾರೆ. ತೊಳೆದುಹೋದದ್ದು ಕೆಳಗೇ ಬರಬೇಕಲ್ಲ?

ನಮ್ಮ ಆಯಿಗೆ ಈ ಮಾತು ಸೇರುವುದಿಲ್ಲ. "ಪರೀಕ್ಷೆ ಗಿರೀಕ್ಷೆ ಅಂದ್ರೆ ಸಾಕು, ಪೇಟೇಲಿ ಒಬ್ರೂ ತಕಳೋದಿಲ್ಲ. ಆಮೇಲೆ ನಿನ್ನ ಪಟ್ಟಿಗೆ ದುಡ್ಡು ಎಲ್ಲಿಂದ?" ಅಂತಾಳೆ. ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಹೆಕ್ಕಿ ಬುಟ್ಟಿ ತುಂಬುವವಳು ಅವಳೇ, ಅವಳ ಹೆದರಿಕೆ ಸುಳ್ಳಲ್ಲ. ಅದಕ್ಕೇ ನಾನು ಹೇಳುವುದು, ವಿಷ ಸಿಕ್ಕರೆ ಮೇಲಿನಿಂದ ಬರುವ ಮದ್ದನ್ನು ನಿಲ್ಲಿಸಬೇಕು. ಅಲ್ಲಿಯವರೆಗೆ ಹೆಕ್ಕುವವರಿಗೆ ಸರ್ಕಾರ ಪರಿಹಾರ ಕೊಡಬೇಕು. ಏನೂ ಸಿಗದಿದ್ದರೆ ಆಯಿ ಧೈರ್ಯವಾಗಿ ಒಂದು ರೂಪಾಯಿ ಜಾಸ್ತಿ ಕೇಳಬಹುದು. ಹೊರದೇಶಕ್ಕೆ ಹೋಗುವ ಸಿಗಡಿಯನ್ನು ಪರೀಕ್ಷೆ ಮಾಡಿ ಕಳಿಸುತ್ತಾರೆ. ಅವರದ್ದು ಹೊಟ್ಟೆ, ನಮ್ಮದೇನು ಗೋಣಿಚೀಲವೇ?

ಕಾರವಾರದಲ್ಲಿ ಸಮುದ್ರ ಮೀನುಗಾರಿಕೆಯ ಸಂಶೋಧನಾ ಕೇಂದ್ರ ಇದೆ, ದೂರವೇನಿಲ್ಲ. ಪಂಚಾಯತಿಯವರು ಅವರಿಗೊಂದು ಪತ್ರ ಬರೆಯಲಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬಳಚು ಹೆಕ್ಕಿಕೊಡಲು ನಮ್ಮ ತರಗತಿಯವರು ತಯಾರಿದ್ದೇವೆ. ಬಂದ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಮೀನು ಪೇಟೆಯಲ್ಲೇ ಅಂಟಿಸಲಿ.