ಒಂದು ಹೆಸರಿನ ಸಿಹಿ

ವಿಜ್ಞಾನದ ಪರಿಭಾಷೆಯನ್ನೆಲ್ಲ ಕನ್ನಡಕ್ಕೆ ತಿರುಗಿಸಬೇಕೇ, ಇದ್ದಂತೆಯೇ ಇರಗೊಡಬೇಕೇ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಎರಡು ಪಕ್ಷದವರೂ ಒಂದು ಮಾತನ್ನು ಮರೆಯುತ್ತಾರೆಂದು ನನಗೆ ತೋರುತ್ತದೆ. ಹೆಸರು ಯಾವುದೇ ಇರಲಿ, ಅದು ಹಾಗೇಕೆ ಬಂದಿತೆಂಬುದನ್ನು ಹುಡುಗರಿಗೆ ಹೇಳುವವರು ಯಾರು?

‘ಗ್ಲೈಸೀನ್’ ಎಂಬ ಪದವನ್ನೇ ನೋಡೋಣ. ಅಮೈನೋ ಆಮ್ಲಗಳಲ್ಲಿ ಅದು ಅತ್ಯಂತ ಸರಳವಾದುದು. 1820ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಜಿಲಾಟಿನ್ನನ್ನು ಗಂಧಕಾಮ್ಲದೊಡನೆ ಕುದಿಸಿ ಅದನ್ನು ಪಡೆದನು. ಅದರ ರುಚಿ ಸಿಹಿಯಾಗಿದ್ದುದರಿಂದ ‘ಜಿಲಾಟಿನ್ನಿನ ಸಕ್ಕರೆ’ ಎಂದು ಕರೆದನು. ಸಕ್ಕರೆಯಲ್ಲಿ ಸಾರಜನಕವಿಲ್ಲ, ಇದರಲ್ಲಿ ಇದೆಯೆಂದು 1838ರಲ್ಲಿ ಬೂಸಂಗೊ ತೋರಿಸಿದನು. ಸಕ್ಕರೆಯೆಂಬ ಮಾತು ಅಳಿಯಿತು, ಸಿಹಿ ಉಳಿಯಿತು. ಮುಂದೆ ಅದು ‘ಗ್ಲೈಕೊಕಾಲ್’ ಆಯಿತು. ಗ್ರೀಕಿನಲ್ಲಿ ಹಾಗೆಂದರೆ ಸಿಹಿ ಅಂಟು. ಸ್ವೀಡನ್ನಿನ ಬರ್ಜೀಲಿಯಸ್ ಸೂಚಿಸಿದ ಚಿಕ್ಕ ಹೆಸರೇ ‘ಗ್ಲೈಸೀನ್’.

ಸಸ್ಯಶಾಸ್ತ್ರದಲ್ಲಿಯೂ ಇದೇ ಹೆಸರಿದೆ. ಆಳಂದದ ಕಡೆ ತೊಗರಿಯ ಜೊತೆಗೆ ಈಗ ಕಾಣುವ ಸೋಯಾ ಅವರೆಯ ಕುಲನಾಮ ‘ಗ್ಲೈಸಿನ್’. ಸೋಯಾ ಕಾಳೇನೂ ಸಿಹಿಯಲ್ಲ. ಸಿಹಿ ಗೆಡ್ಡೆಯ ಬೇರೊಂದು ಬಳ್ಳಿಯಿಂದ ಬಂದ ಹೆಸರು ಅದು. ಆ ಬಳ್ಳಿಯನ್ನು ಪಂಡಿತರು ಬೇರೆ ಕುಲಕ್ಕೆ ಸೇರಿಸಿದರು. ಹೆಸರು ಮಾತ್ರ ಹಿಂದೆಯೇ ನಿಂತಿತು.

ಇದು ವಿಚಿತ್ರವೆನಿಸಬೇಕಾಗಿಲ್ಲ. ‘ಎಣ್ಣೆ’ ಎಂಬ ನಮ್ಮ ಮಾತು ಎಳ್ಳು ಮತ್ತು ನೆಯ್ ಕೂಡಿ ಆದುದು; ಎಳ್ಳಿನ ಜಿಡ್ಡು ಎಂದೇ ಅದರ ಮೊದಲ ಅರ್ಥ. ಆದರೂ ಜೇವರ್ಗಿಯ ಗೃಹಿಣಿ ಕುಸುಬಿ ಎಣ್ಣೆ ಎನ್ನುತ್ತಾಳೆ, ಶೇಂಗಾ ಎಣ್ಣೆ ಎನ್ನುತ್ತಾಳೆ. ಎಳ್ಳು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಬಾವಿಯ ನೀರು ಸಿಹಿ ಎಂದರೆ ಅದರಲ್ಲಿ ಬೆಲ್ಲ ಕದಡಿದೆಯೆಂದಲ್ಲ. ಸವಳಲ್ಲ ಎಂದಷ್ಟೇ ಅರ್ಥ.

ಆದುದರಿಂದ ಗ್ಲೈಸೀನನ್ನು ‘ಸಿಹಿಕ’ವೆಂದು ಅನುವಾದಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಆ ಹೆಸರು ನಾಲಿಗೆಯ ಸಾಕ್ಷಿಯನ್ನಷ್ಟೇ ಹೇಳುತ್ತದೆ. ಚರ್ಮವನ್ನೂ ಎಲುಬನ್ನೂ ಬಿಗಿದಿಡುವ ಕೊಲಾಜೆನ್ನಿನ ಸರಪಳಿಯಲ್ಲಿ ಸರಿಸುಮಾರು ಪ್ರತಿ ಮೂರನೆಯ ಕೊಂಡಿ ಗ್ಲೈಸೀನೇ. ಬೆನ್ನುಹುರಿಯಲ್ಲಿ ನರಗಳ ಉದ್ರೇಕವನ್ನು ತಗ್ಗಿಸುವುದೂ ಅದರದೇ ಕೆಲಸ. ಕಾಸರಕದ ಬೀಜದ ವಿಷವು ಈ ಕೆಲಸಕ್ಕೆ ಅಡ್ಡಬರುವುದರಿಂದಲೇ ಮೈ ಸೆಟೆಯುತ್ತದೆ. ಇದೊಂದೂ ‘ಸಿಹಿಕ’ದಲ್ಲಿ ಅಡಗಿಲ್ಲ, ಗುರುಗಳು ಬಾಯಿಬಿಟ್ಟು ಹೇಳಬೇಕು.

ಹೆಸರನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಇರಿಸಿಕೊಂಡು, ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂಬುದೇ ನನ್ನ ಅಭಿಪ್ರಾಯ. ಆಳಂದ, ಅಫಜಲಪುರ, ಜೇವರ್ಗಿಗಳ ಎಷ್ಟೋ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮುಂದೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸುತ್ತಾರೆ. ಹೊಸದಾಗಿ ಕಟ್ಟಿದ ಪದವನ್ನು ಮೊದಲು ಕಲಿಸಿದರೆ, ಅಲ್ಲಿ ಅದನ್ನು ಮರೆತು ಇನ್ನೊಂದನ್ನು ಕಲಿಯುವ ಹೊರೆ ಅವರದು. ಅರ್ಥವಿಲ್ಲದೆ ಬಾಯಿಪಾಠ ಮಾಡಿಸಿದರೆ, ಪರೀಕ್ಷೆಯ ಮರುದಿನವೇ ಪದ ಮರೆತುಹೋಗುತ್ತದೆ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿ ಈ ಭಾಗದವರಿಗೆ ಉನ್ನತ ಶಿಕ್ಷಣದ ಸ್ಥಾನಗಳಲ್ಲಿ ಪಾಲನ್ನು ಕಾಯ್ದಿರಿಸಲು ದಾರಿ ಮಾಡಿತು. ತಿಳಿವಳಿಕೆಯನ್ನು ಯಾವ ವಿಧಿಯೂ ಕಾಯ್ದಿರಿಸಲಾರದು.

ಕನ್ನಡ ಶಾಲೆಯ ಉಪಾಧ್ಯಾಯರು ಒಂದೊಂದು ಪರಿಭಾಷೆಗೆ ಎರಡೆರಡು ನಿಮಿಷ ಕೊಟ್ಟರೂ ಸಾಕು. ಎಣ್ಣೆಯ ಅರ್ಥ ಬಲ್ಲ ಹುಡುಗಿಗೆ ಗ್ಲೈಸೀನ್ ಪರಕೀಯವಾಗಿ ಉಳಿಯದು.