ನಾದಿರಾಳ ಅಪ್ಪನನ್ನು ಯಾರೂ ಓದಲಿಲ್ಲ

ಹಲಸೂರಿನಲ್ಲಿ ಗೆಳೆಯರೊಬ್ಬರ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಹತ್ತಿಪ್ಪತ್ತು ಮಂದಿ ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತನಾಡುತ್ತೇವೆ. ಕಳೆದ ಸಲ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಸರದಿ. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಲೇಖಕಿ 2023ರ ಜನವರಿಯಲ್ಲಿ ತೀರಿಕೊಂಡರು. ಇಷ್ಟು ಹಳೆಯ ಪುಸ್ತಕದ ಬಗ್ಗೆ ಈಗ ಏನು ಜಗಳ ನಡೆದೀತು ಎಂದುಕೊಂಡೇ ಹೋಗಿದ್ದೆ. ಎರಡು ಗಂಟೆ ನಡೆಯಿತು. ಆದರೆ ಆ ಎರಡು ಗಂಟೆಯಲ್ಲಿ ಕಾದಂಬರಿಯ ಮುಖ್ಯ ಪಾತ್ರವೊಂದರ ಹೆಸರನ್ನೇ ಯಾರೂ ಎತ್ತಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಸರಗೋಡಿನ ಚಂದ್ರಗಿರಿ ಹೊಳೆಯ ದಡದ ಹಳ್ಳಿ. ಮಹಮ್ಮದ್ ಖಾನ್ ಎಂಬ ಮುಂಗೋಪಿ, ಅವನ ಮುಂದೆ ಬಾಯಿ ತೆರೆಯಲಾರದ ಹೆಂಡತಿ ಫಾತಿಮ್ಮ. ಮಗಳು ನಾದಿರಾಳಿಗೆ ಒಳ್ಳೆಯ ಗಂಡ ಸಿಗುತ್ತಾನೆ, ರಶೀದ್. ಆದರೆ ಕೇಳಿದ ಹಣ ಅಳಿಯನಿಂದ ಬರಲಿಲ್ಲವೆಂದು ಅಪ್ಪ ಮಗಳನ್ನು ತನ್ನ ಮನೆಗೆ ಕರೆತಂದು ಇಟ್ಟುಕೊಳ್ಳುತ್ತಾನೆ. ಕೊನೆಗೆ ತಲಾಖ್ ಕೊಡಿಸಿಯೂ ಬಿಡುತ್ತಾನೆ. ಗಂಡ ಹೆಂಡಿರಿಗೆ ಮತ್ತೆ ಒಂದಾಗುವ ಆಸೆ. ಅವಳು ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಿ ಬರಬೇಕು ಎನ್ನುತ್ತಾರೆ. ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ನಮ್ಮ ಸಭೆಯಲ್ಲಿ ಮೊದಲು ಎದ್ದವರು ಶಿವಾಜಿನಗರದ ಹಿರಿಯರೊಬ್ಬರು. “ಮನೆಯ ಕಸವನ್ನು ಬೀದಿಗೆ ಹಾಕುವುದು ಸಾಹಿತ್ಯವೇ? ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಬರೆಯಬೇಕಿತ್ತು?” ಅವರ ಬೆನ್ನಿಗೆ ಇನ್ನೊಬ್ಬರು, “ಅದೆಲ್ಲ ಕರಾವಳಿಯವರ ಕಥೆ ಭಾಯಿ, ನಮ್ಮ ದಖನಿ ಮನೆಗಳಲ್ಲಿ ಹೀಗಿಲ್ಲ” ಎಂದರು. ಇಂದಿರಾನಗರದಿಂದ ಬಂದಿದ್ದ ನಿವೃತ್ತ ಅಧಿಕಾರಿ ಬಹಳ ಮರುಕದಿಂದ, “ನಿಮ್ಮವರಲ್ಲಿ ಹೆಣ್ಣಿನ ಪಾಡು ಎಷ್ಟು ಕಷ್ಟ ಅಂತ ಗೊತ್ತಾಯಿತು” ಎಂದರು. ಸಜ್ಜನರು, ವ್ಯಂಗ್ಯವಾಗಿ ಹೇಳಿದ್ದಲ್ಲ. ಆಮೇಲೆ ಯುವಕನೊಬ್ಬ ಎದ್ದು ಶರೀಅತ್ತಿನಲ್ಲಿ ಪೂರ್ವಯೋಜಿತ ಹಲಾಲಾಕ್ಕೆ ಜಾಗವೇ ಇಲ್ಲ ಎಂದು ಅರ್ಧ ಗಂಟೆ ವಿವರಿಸಿದ. ಅವನು ಹೇಳಿದ್ದು ಸರಿಯೇ. ಆದರೆ ನಾದಿರಾ ಆ ಕೊಳದ ಹತ್ತಿರ ಬಂದದ್ದು ಹೇಗೆ? ಅವಳನ್ನು ಅಲ್ಲಿಯವರೆಗೆ ಎಳೆದು ತಂದವರು ಯಾರು? ಮಹಮ್ಮದ್ ಖಾನನನ್ನು ಇವರಲ್ಲಿ ಯಾರೂ ಮಾತನಾಡಿಸಲಿಲ್ಲ.

ಕನ್ನಡದಲ್ಲಿ ಯಾಕೆ ಎಂಬ ಪ್ರಶ್ನೆಗೆ ಬೇಗ ಉತ್ತರಿಸಿ ಮುಂದೆ ಹೋಗುತ್ತೇನೆ. ಸಾರಾ ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮನೆಮಾತು ಬೇರೆ, ಓದಿದ್ದು ಕನ್ನಡ ಶಾಲೆಯಲ್ಲಿ. ತಾನು ಕಲಿತ ಭಾಷೆಯಲ್ಲಿ ಬರೆದರು. ಉರ್ದುವಿನಲ್ಲಿ ಬರೆದಿದ್ದರೆ ಮಾತು ಮನೆಯೊಳಗೇ ಉಳಿಯುತ್ತಿತ್ತು ಎನ್ನುವವರು ಉರ್ದುವಿನ ಚರಿತ್ರೆಯನ್ನೇ ಮರೆತಿದ್ದಾರೆ. ರಶೀದ್ ಜಹಾನ್ ಮೊದಲಾದವರ ‘ಅಂಗಾರೇ’ ಸಂಕಲನವನ್ನು 1933ರಲ್ಲಿ ನಿಷೇಧಿಸಿದ್ದು ಉರ್ದು ಓದುಗರ ಗದ್ದಲದ ಮೇಲೆಯೇ. ಇಸ್ಮತ್ ಚುಗ್ತಾಯಿ ಲಾಹೋರಿನ ಕೋರ್ಟು ಹತ್ತಿದ್ದು ಉರ್ದು ಕಥೆಗಾಗಿಯೇ. ಇಂದು ಅದೇ ಇಸ್ಮತ್ ಆಪಾ ನಮ್ಮ ಹೆಮ್ಮೆ. ಸಾರಾ ಅವರಿಗೆ ಮಾತ್ರ 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯಲ್ಲಿ ಸಿಕ್ಕಿದ್ದು ನಮ್ಮದೇ ಹುಡುಗರ ದಾಳಿ. ಅವರಲ್ಲಿ ಎಷ್ಟು ಮಂದಿ ಪುಸ್ತಕ ಓದಿದ್ದರೋ ಅಲ್ಲಾಹನೇ ಬಲ್ಲ.

ಇಂದಿರಾನಗರದ ಹಿರಿಯರಿಗೂ ಒಂದು ಮಾತು ಹೇಳಬೇಕು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ನಾನು ಹೈಸ್ಕೂಲಿನಲ್ಲಿದ್ದಾಗ ಓದಿದೆ. ಬಾಲ್ಯದಲ್ಲೇ ವಿಧವೆಯಾದ ಹೆಣ್ಣಿನ ಕಥೆ. ಓದಿ ಮುಗಿಸಿದಾಗ ‘ಅವರಲ್ಲಿ ಹೀಗಂತೆ’ ಎಂದು ನನಗೆ ಅನ್ನಿಸಲಿಲ್ಲ. ನಮ್ಮ ಗಲ್ಲಿಯ ಒಬ್ಬ ಖಾಲಾ ನೆನಪಾದರು. ನಾದಿರಾಳ ಕಥೆ ಓದಿದಾಗ ಅವರಿಗೂ ತಮ್ಮ ಬೀದಿಯ ಯಾರಾದರೂ ನೆನಪಾಗಲಿಲ್ಲವೇ? 2025ರಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗಲೂ ನಾನು ಕೇಳಿದ್ದು ಇವೇ ಎರಡು ಮಾತು: ಒಂದು ಕಡೆಯಿಂದ ‘ನೋಡಿ, ಇವರು ಹೀಗೆ’, ಇನ್ನೊಂದು ಕಡೆಯಿಂದ ‘ನಮ್ಮನ್ನು ಮಾರಿ ಪ್ರಶಸ್ತಿ ಪಡೆದರು’. ಕಥೆಯೊಳಗಿನ ಗಂಡಸು ಮಾತ್ರ ಎರಡೂ ಕಡೆಯವರ ಕೈಗೆ ಸಿಗದೆ ತಪ್ಪಿಸಿಕೊಂಡ.

ಈಗ ಮಹಮ್ಮದ್ ಖಾನನ ಬಳಿಗೆ ಬರೋಣ. ಚಹಾ ಕುಡಿಯುವಾಗ ಸ್ನೇಹಿತರೊಬ್ಬರು ಮೆಲ್ಲಗೆ, “ಪಾಪ, ಬಡತನ ಅವನನ್ನು ಹಾಗೆ ಮಾಡಿತು” ಎಂದರು. ಈ ಮಾತು ನನ್ನನ್ನು ಉಳಿದೆಲ್ಲ ಮಾತುಗಳಿಗಿಂತ ಹೆಚ್ಚು ಕೆರಳಿಸಿತು. ಅದೇ ಮನೆಯಲ್ಲಿ, ಅದೇ ಗಂಜಿ ಕುಡಿದು, ಅದರ ಮೇಲೆ ಗಂಡನ ಏಟನ್ನೂ ತಿಂದ ಫಾತಿಮ್ಮ ಬಡವಳಲ್ಲವೇ? ಬಡತನ ಅವಳನ್ನೇಕೆ ಕ್ರೂರಿಯಾಗಿಸಲಿಲ್ಲ? ಇಲ್ಲದವನಿಗೆ ಕೈಗೆ ಸಿಗುವ ಆಸ್ತಿಯೆಂದರೆ ಹೆಂಡತಿ ಮಕ್ಕಳು ಮಾತ್ರ ಎಂಬ ಲೆಕ್ಕವನ್ನು ಬಡತನ ಕಲಿಸುವುದಿಲ್ಲ. ಆ ಲೆಕ್ಕವನ್ನು ಗಂಡಸರಾದ ನಾವು ಒಬ್ಬರಿಂದೊಬ್ಬರು ಕಲಿಯುತ್ತೇವೆ.

ಕಾನೂನಿನ ವಿಷಯ ನೋಡಿ. 2017ರಲ್ಲಿ ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಖನ್ನು ರದ್ದು ಮಾಡಿತು. 2019ರ ಕಾಯ್ದೆ ಹಾಗೆ ಹೇಳಿದ ಗಂಡನಿಗೆ ಮೂರು ವರ್ಷದವರೆಗೆ ಜೈಲು ಎಂದಿತು. ಈ ಕಾದಂಬರಿ ತಲಾಖಿನ ಕುರಿತದ್ದೇ ಆಗಿದ್ದರೆ ಅಲ್ಲಿಗೆ ಅದರ ಕೆಲಸ ಮುಗಿಯಬೇಕಿತ್ತು. ಆದರೆ ಆ ಕಾಯ್ದೆಯನ್ನು ಈ ಕಥೆಯೊಳಗೆ ಇಳಿಸಿ ನೋಡಿ. ಜೈಲಿಗೆ ಹೋಗುವವನು ರಶೀದ್. ತಲಾಖ್ ಹೇಳಿಸಿದ ಮಾವ ಮನೆಯಲ್ಲಿ ಕುಳಿತು ಬೀಡಿ ಹಚ್ಚಬಹುದು. ನಾದಿರಾಳಿಗೆ ಗಂಡನೂ ಇಲ್ಲ, ಮಗುವಿನ ತಂದೆಯೂ ಇಲ್ಲ. ಕಾಯ್ದೆ ಬರೆದವರೂ ಗಂಡನ ಮೇಲೇ ಕಣ್ಣಿಟ್ಟರು, ಅಪ್ಪನನ್ನು ನೋಡಲಿಲ್ಲ.

ನಮ್ಮ ದೀನೀ ಸಹೋದರರೂ ನೋಡಲಿಲ್ಲ. ಹಲಾಲಾದ ಚರ್ಚೆ ಬಂದಾಗಲೆಲ್ಲ ಎಲ್ಲರೂ ಅಲ್ ಬಕರಃ ಅಧ್ಯಾಯದ 230ನೇ ಆಯತ್ ತೆಗೆಯುತ್ತಾರೆ. ಎರಡೇ ಆಯತ್ ಮುಂದೆ ಹೋದರೆ 232 ಇದೆ. ವಿಚ್ಛೇದಿತೆ ಮತ್ತು ಅವಳ ಹಿಂದಿನ ಗಂಡ ಮನಸ್ಸೊಪ್ಪಿ ಮತ್ತೆ ಮದುವೆಯಾಗಲು ಬಯಸಿದರೆ ಅವಳನ್ನು ತಡೆಯಬೇಡಿ ಎಂದು ಅದು ಆದೇಶಿಸುತ್ತದೆ. ಮಅಕಿಲ್ ಇಬ್ನ್ ಯಸಾರ್(ರ) ತಮ್ಮ ತಂಗಿಯನ್ನು ಹಿಂದಿನ ಗಂಡನಿಗೆ ಮತ್ತೆ ಮದುವೆ ಮಾಡಿಕೊಡಲು ಒಪ್ಪದಿದ್ದಾಗ ಈ ಆಯತ್ ಅವತೀರ್ಣವಾಯಿತೆಂದೂ, ಅದನ್ನು ಕೇಳಿ ಅವರು ಹಟ ಬಿಟ್ಟರೆಂದೂ ಬುಖಾರಿಯಲ್ಲಿದೆ. ಮೂರು ತಲಾಖ್ ಆದ ಮೇಲೆ ಮಾತು ಬೇರೆ ಎಂದು ಉಲಮಾಗಳು ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ಮಹಮ್ಮದ್ ಖಾನ್ ಮಗಳನ್ನು ತಡೆದಿಟ್ಟದ್ದು ತಲಾಖಿಗೂ ಮುಂಚೆ, ಅವಳು ಇನ್ನೂ ರಶೀದನ ಹೆಂಡತಿಯಾಗಿದ್ದಾಗ. ಅದಕ್ಕೆ ಯಾವ ಕಿತಾಬಿನಲ್ಲಿ ಅನುಮತಿ ಇದೆ? ಮಗಳ ಇದ್ದತ್ ಎಣಿಸಲು, ಒಂದು ರಾತ್ರಿಯ ನಿಕಾಹಿಗೆ ಲೆಕ್ಕ ಹಾಕಲು ಊರೆಲ್ಲ ಸೇರುತ್ತದೆ. ಅಪ್ಪನನ್ನು ಕರೆದು “ಹುಡುಗಿಯನ್ನು ಅವಳ ಮನೆಗೆ ಬಿಟ್ಟು ಬಾ” ಎನ್ನಲು ಆ ಜಮಾಅತ್ತಿನಲ್ಲಿ ಒಬ್ಬನೂ ಇರಲಿಲ್ಲ. ಎಷ್ಟು ಜಮಾಅತ್ತುಗಳಲ್ಲಿ ಇಂದು ಇದ್ದಾರೆ?

ನಾನೂ ಈ ಪುಸ್ತಕವನ್ನು ತಪ್ಪಾಗಿ ಓದಿದವನೇ. ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ. ಕಾಲೇಜಿನಲ್ಲಿದ್ದಾಗ ಲೈಬ್ರರಿಯಿಂದ ಇದನ್ನು ತಂದು ರಾತ್ರಿಯೆಲ್ಲ ಓದಿ, ಬೆಳಿಗ್ಗೆ ಅಕ್ಕನ ಮುಂದೆ ಭಾಷಣ ಬಿಗಿದೆ: ನಮ್ಮ ಮೌಲ್ವಿಗಳು ಹೀಗೆ, ತಲಾಖ್ ಹಾಗೆ. ಆಪಾ ಅಗರಬತ್ತಿ ಹೊಸೆಯುತ್ತಿದ್ದರು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಹನ್ನೆರಡನೆಯ ವಯಸ್ಸಿಗೆ ಅಬ್ಬಾ ಅವರನ್ನು ಶಾಲೆಯಿಂದ ಬಿಡಿಸಿದ್ದರು, ಕೂಲಿಯ ದುಡ್ಡು ನೇರವಾಗಿ ಅಬ್ಬಾರ ಜೇಬಿಗೆ ಹೋಗುತ್ತಿತ್ತು. ಎರಡು ಒಳ್ಳೆಯ ಸಂಬಂಧಗಳು ಬಂದರೂ “ಈಗಲೇ ಬೇಡ” ಎಂದು ಕಳುಹಿಸಿದ್ದರು. ಯಾಕೆ ಬೇಡ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು. ನನ್ನ ಹೈಸ್ಕೂಲಿನ ಫೀಸು, ಪುಸ್ತಕ, ಬಸ್ ಪಾಸು ಎಲ್ಲ ಆ ಕಡ್ಡಿಗಳಿಂದಲೇ ಬಂದದ್ದು.

ಆಪಾ ಉರ್ದು ಮಾತ್ರ ಓದಬಲ್ಲವರು. ಹಾಗಾಗಿ ಕಾದಂಬರಿಯ ಕಥೆಯನ್ನು ನಾನೇ ದಖನಿಯಲ್ಲಿ ಹೇಳಿದೆ. ಎಲ್ಲ ಕೇಳಿ ಅವರು ಕೈ ನಿಲ್ಲಿಸದೆ, “ತಲಾಖ್ ಇಲ್ಲದಿದ್ದರೂ ಅವಳು ಸಾಯುತ್ತಿದ್ದಳು. ಅವಳ ಅಪ್ಪನಿಗೆ ದುಡ್ಡು ಬೇಕಿತ್ತು” ಎಂದರು. ನನಗೆ ಆಗ ಅರ್ಥವಾಗಲಿಲ್ಲ. ಹೆಣ್ಣುಮಕ್ಕಳಿಗೆ ಸಾಹಿತ್ಯ ತಿಳಿಯುವುದಿಲ್ಲ ಎಂದುಕೊಂಡೆ. ಅಬ್ಬಾರನ್ನು ನಾನು ಮಹಮ್ಮದ್ ಖಾನ್ ಎನ್ನಲಾರೆ. ಅವರು ಕೈ ಎತ್ತಿದವರಲ್ಲ, ಐದು ಹೊತ್ತು ನಮಾಜು ಬಿಟ್ಟವರಲ್ಲ. ಆದರೆ ಮಗಳ ದುಡಿಮೆಯನ್ನು ಲೆಕ್ಕ ಹಾಕಿ ಅವಳ ಮದುವೆಯನ್ನು ತಡೆದವರು ಅವರೇ, ಆ ಲೆಕ್ಕದಲ್ಲಿ ಬೆಳೆದವನು ನಾನೇ. ಕಥೆಗಾರನಾಗಿ ಇಪ್ಪತ್ತು ವರ್ಷ ಮೌಲ್ವಿಗಳ ಮೇಲೆ, ಕೋಮುವಾದಿಗಳ ಮೇಲೆ ಬರೆದೆ. ಈ ಕಥೆಯನ್ನು ಮಾತ್ರ ಬರೆಯಲಿಲ್ಲ.

ಟ್ಯಾನರಿ ರಸ್ತೆಯಲ್ಲಿ, ಕೆ.ಆರ್. ಪುರದ ಆಚೆಯ ಓಣಿಗಳಲ್ಲಿ ಬೀಡಿ ಕಟ್ಟುವ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರನ್ನು ಕೇಳಿ ನೋಡಿ, ಹಿಂದೂ, ಕ್ರೈಸ್ತ, ಮುಸ್ಲಿಮ್ ಯಾರನ್ನಾದರೂ. ನಿಮ್ಮ ಎ.ಟಿ.ಎಂ. ಕಾರ್ಡು ಯಾರ ಹತ್ತಿರ ಇದೆ ಎಂದು ಕೇಳಿದರೆ ಸಾಕು. ಇದು ಕರಾವಳಿಯ ಕಥೆ ಎನ್ನುವವರೂ, ‘ನಿಮ್ಮವರ’ ಕಥೆ ಎನ್ನುವವರೂ ಆ ಉತ್ತರ ಕೇಳಿದ ಮೇಲೆ ಮತ್ತೊಮ್ಮೆ ಪುಸ್ತಕ ತೆರೆಯಲಿ.

ಮುಂದಿನ ತಿಂಗಳೂ ಇದೇ ಕಾದಂಬರಿಯ ಮೇಲೆ ಮಾತಾಗಲಿ ಎಂದು ನಾನು ಹಟ ಹಿಡಿದಿದ್ದೇನೆ. ಕೆಲವರು ಮುನಿಸಿಕೊಂಡಿದ್ದಾರೆ. ಆಪಾ ಬರುತ್ತೇನೆ ಎಂದಿದ್ದಾರೆ. ಈಗ ಅವರಿರುವುದು ಕೆ.ಆರ್. ಪುರದಲ್ಲಿ. ಮೆಟ್ರೋ ಹತ್ತಿದರೆ ನೇರ ಹಲಸೂರಿಗೆ ಬರಬಹುದು, ಟಿಕೆಟ್ ನಾನು ಕೊಡುತ್ತೇನೆ ಎಂದೆ. ಬೇಡ, ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಅದರಲ್ಲೇ ಬರುತ್ತೇನೆ ಎಂದರು.